ಕೊನೆಯ ಓವರಿನಲ್ಲಿ ಬಿಟ್ಟುಹೋದ ರನ್ನು

ನಮ್ಮ ಬೆಕ್‌ಸೈಡ್ ಊರಿನ ಚರ್ಚು ಹೊರಡಿಸುವ ಮಾಸಪತ್ರಿಕೆಯಲ್ಲಿ ಒಂದು ಪುಟ ನನ್ನದು. ಕಸದವರು ಯಾವ ವಾರ ಹಸಿರು ಡಬ್ಬಿ ಎತ್ತದೆ ಹೋದರು, ಹತ್ತು ಗಂಟೆಯ ಬಸ್ಸು ಯಾಕೆ ಬರಲಿಲ್ಲ, ನಮ್ಮ ಕ್ರಿಕೆಟ್ ತಂಡ ಎಷ್ಟರಲ್ಲಿ ಸೋತಿತು, ಅಂಗಡಿಗೆ ಹೊಸದಾಗಿ ಬಂದ ಯಾವ ಯಂತ್ರವನ್ನು ಕೊಳ್ಳಬಾರದು ಎಂಬಿಷ್ಟೇ ಅದರ ವಿಷಯ. ಓದುವವರು ನೂರಾ ಹತ್ತು ಜನ. ಅದರಲ್ಲಿ ನಲವತ್ತು ಜನ ನನ್ನನ್ನು ಬೈಯಲೆಂದೇ ಓದುತ್ತಾರೆ.

ಯಂತ್ರಗಳ ಬಗ್ಗೆ ಮಾತಾಡುವ ಹಕ್ಕು ನನಗಿದೆ. ಮೂವತ್ತೆಂಟು ವರ್ಷ ಟೀವಿ, ರೇಡಿಯೋ ರಿಪೇರಿ ಮಾಡಿದವನು ನಾನು. ಯಾರ ಮನೆಯ ಟೀವಿಯ ಬೆನ್ನಿನಲ್ಲಿ ಎಷ್ಟು ಧೂಳಿತ್ತೆಂದು ಈಗಲೂ ಹೇಳಬಲ್ಲೆ. ಈಗಿನ ಸಾಮಾನುಗಳಿಗೆ ಬಿಚ್ಚಲು ಒಂದು ಸ್ಕ್ರೂ ಕೂಡ ಇರುವುದಿಲ್ಲ. ಹೋದ ತಿಂಗಳು ಫೋನಿನಿಂದ ಚಾಲೂ ಮಾಡುವ ಕೆಟಲಿನ ಬಗ್ಗೆ ಬರೆದಿದ್ದೆ. ನೀರು ತುಂಬಲು ಹೇಗೂ ಎದ್ದು ಹೋಗಲೇಬೇಕು. ಅಲ್ಲಿವರೆಗೆ ಹೋದವನಿಗೆ ಗುಂಡಿ ಒತ್ತಲು ಫೋನು ಯಾಕೆ? ಮಗಳು ಹುಟ್ಟುಹಬ್ಬಕ್ಕೆ ಕೊಟ್ಟ ಕೈಗಡಿಯಾರದ ಬಗ್ಗೆ ಮಾತ್ರ ಬರೆದಿಲ್ಲ, ಅವಳಿಗೆ ಬೇಜಾರಾದೀತು ಎಂದು. ನಾನು ರಾತ್ರಿ ಸರಿಯಾಗಿ ನಿದ್ದೆ ಮಾಡಲಿಲ್ಲವೆಂದು ಅದು ದಿನಾ ಬೆಳಿಗ್ಗೆ ನನಗೇ ತಿಳಿಸುತ್ತದೆ. ನನಗೆ ಗೊತ್ತಿಲ್ಲದ ಸುದ್ದಿಯೇ ಅದು?

ಈಗ ಹೇಳಹೊರಟಿದ್ದನ್ನೂ ಆ ಪುಟದಲ್ಲಿ ಬರೆಯಲಾರೆ. ಇದರಲ್ಲಿ ಏವ್ರಿಲ್ ಹೇಗ್ ಎಂಬವರು ಇದ್ದಾರೆ.

ಏವ್ರಿಲ್ ಪಕ್ಕದ ಕ್ರಾಗ್‌ಟನ್ ತಂಡದ ಸ್ಕೋರರ್. ನಾನು ನಮ್ಮ ತಂಡದ ಸ್ಕೋರರ್. ನಮ್ಮ ಲೀಗಿನಲ್ಲಿ ಆಡಲು ಬರುವ ತಂಡ ತನ್ನ ಸ್ಕೋರರನ್ನು ಜೊತೆಗೆ ಕರೆತರುತ್ತದೆ. ಇಬ್ಬರೂ ಒಂದೇ ಮೇಜಿನ ಮುಂದೆ ಕೂತು ಅವರವರ ಪುಸ್ತಕದಲ್ಲಿ ಪ್ರತಿ ಚೆಂಡನ್ನೂ ಬರೆಯಬೇಕು. ಅಂಪೈರ್ ಸನ್ನೆ ಮಾಡಿದರೆ ಕೈಯೆತ್ತಿ ‘ಕಂಡೆ’ ಎಂದು ತೋರಿಸಬೇಕು. ಓವರ್ ಮುಗಿದಾಗಲೆಲ್ಲ ಒಬ್ಬರಿಗೊಬ್ಬರು ಮೊತ್ತ ಹೇಳಿ ತಾಳೆ ನೋಡಬೇಕು. ಆಟ ಮುಗಿದ ಮೇಲೆ ಎರಡು ಪುಸ್ತಕದ ಲೆಕ್ಕ ಒಂದೇ ಆಗುವ ತನಕ ಇಬ್ಬರೂ ಏಳುವಂತಿಲ್ಲ. ತಾಳೆ ಬೀಳದಿದ್ದರೆ ಚೆಂಡು ಚೆಂಡಾಗಿ ಹಿಂದಕ್ಕೆ ಹೋಗಿ ಯಾರು ಎಡವಿದರೆಂದು ಹುಡುಕಬೇಕು.

ಹತ್ತೊಂಬತ್ತು ವರ್ಷದಲ್ಲಿ ನಾವಿಬ್ಬರೂ ಒಮ್ಮೆಯೂ ಎಡವಿರಲಿಲ್ಲ. ವರ್ಷಕ್ಕೆ ಎರಡು ಶನಿವಾರ: ಮೇ ತಿಂಗಳಲ್ಲಿ ಅವರ ಮೈದಾನ, ಸೆಪ್ಟೆಂಬರಿನಲ್ಲಿ ನಮ್ಮದು. ಮೊದಲ ಹದಿಮೂರು ವರ್ಷ ಅವರು ನನಗೆ ಅಚ್ಚುಕಟ್ಟಾಗಿ ಬರೆಯುವ ಒಬ್ಬ ಹೆಂಗಸು, ಅಷ್ಟೇ. ನನ್ನ ಹೆಂಡತಿ ಡೋರೀನ್ ತೀರಿಕೊಂಡ ವರ್ಷ ಅವರು ಮಳೆ ನಿಲ್ಲಲೆಂದು ಕಾಯುತ್ತಾ ಒಂದೂವರೆ ಗಂಟೆ ನನ್ನ ಪಕ್ಕದಲ್ಲಿ ಕೂತಿದ್ದರು. ಒಂದು ಸಾಂತ್ವನದ ಮಾತೂ ಆಡಲಿಲ್ಲ. ಅವರ ಫ್ಲಾಸ್ಕಿನ ಚಹಾದಲ್ಲಿ ಅರ್ಧ ಕೊಟ್ಟರು. ಅವರ ಗಂಡನ ವಿಷಯ ಹೊರಗೆ ಬಂದದ್ದೂ ಆವತ್ತೇ. “ಸ್ಪೇನಿಗೆ ಎರಡು ವಾರ ಅಂತ ಹೋದ. ಹನ್ನೆರಡು ವರ್ಷ ಆಯ್ತು, ಇನ್ನೂ ಬಿಸಿಲು ಕಾಯಿಸ್ತಾನೇ ಇದಾನೆ,” ಎಂದರು. ಸತ್ತವಳನ್ನು ಹೂಳಿ ಮೂರು ವಾರವಾಗಿತ್ತು, ನನಗೆ ನಗು ಬಂದುಬಿಟ್ಟಿತು. ಆಮೇಲಿನ ವರ್ಷಗಳಲ್ಲಿ ನಾನು ಕ್ಯಾಲೆಂಡರಿನಲ್ಲಿ ಮೊದಲು ಹುಡುಕುತ್ತಿದ್ದುದು ಆ ಎರಡು ಶನಿವಾರಗಳನ್ನು.

ಇಷ್ಟಾದರೂ ಅವರ ಫೋನ್ ನಂಬರ್ ನನ್ನಲ್ಲಿರಲಿಲ್ಲ. ಕ್ಲಬ್ಬಿನಲ್ಲಿ ಯಾರನ್ನಾದರೂ ಕೇಳಬಹುದಿತ್ತು. ಆದರೆ ಮಧ್ಯಾಹ್ನ ಕೇಳಿದರೆ ಸಂಜೆಯೊಳಗೆ ಎರಡೂರಿಗೆ ಗೊತ್ತಾಗುತ್ತದೆ, ನನ್ನ ಮಗಳಿಗೆ ಮ್ಯಾಂಚೆಸ್ಟರಿನಲ್ಲಿ ರಾತ್ರಿಯೊಳಗೆ. ‘ಮುಂದಿನ ಸಲ ನಾನೇ ಕೇಳೋಣ’ ಎಂದು ಮೂರು ವರ್ಷ ತಳ್ಳಿದೆ.

ಅಷ್ಟರಲ್ಲಿ ಟ್ಯಾಬ್ಲೆಟ್ ಬಂತು.

ತಂದವರು ಲೀಗಿನ ಕಾರ್ಯದರ್ಶಿ ಆಗ್ಡನ್. ಸ್ಕ್ರೀನಿನ ಮೇಲೆ ಬೆರಳಿಟ್ಟರೆ ರನ್ನು ಏರುತ್ತದೆ, ಹೊರಗಿನ ಬೋರ್ಡಿನಲ್ಲಿ ದೀಪದ ಅಂಕಿ ತಾನಾಗಿಯೇ ಬದಲಾಗುತ್ತದೆ, ಎಲ್ಲಿದ್ದವರಿಗೂ ಫೋನಿನಲ್ಲಿ ಕಾಣುತ್ತದೆ. ಒಳ್ಳೆಯ ಯಂತ್ರವೇ. ಬಿಚ್ಚಲು ಬಾರದು ಎಂಬುದನ್ನು ಬಿಟ್ಟರೆ ಅದರ ಮೇಲೆ ನನಗೆ ದೂರಿಲ್ಲ. ಈ ಒಂದು ವರ್ಷ ಪುಸ್ತಕವೂ ಇರಲಿ, ಅದೂ ಇರಲಿ. ಮುಂದಿನ ವರ್ಷದಿಂದ ಆಯಾ ಮೈದಾನದ ತಂಡದವರು ಟ್ಯಾಬ್ಲೆಟ್ಟಿನಲ್ಲಿ ಬರೆದರೆ ಸಾಕು, ಹೊರಗಿನ ಸ್ಕೋರರ್ ಬರಬೇಕಿಲ್ಲ ಎಂದು ಆದೇಶವಾಯಿತು. ಅಂದರೆ ಈ ಸೆಪ್ಟೆಂಬರಿನ ಶನಿವಾರವೇ ಕೊನೆಯದು. ಆವತ್ತು ಬಾಯಿ ಬಿಡದಿದ್ದರೆ ಏವ್ರಿಲ್ ಕ್ರಾಗ್‌ಟನ್ನಿನಲ್ಲಿ, ನಾನು ಬೆಕ್‌ಸೈಡಿನಲ್ಲಿ. ನಡುವೆ ನಾಲ್ಕು ಮೈಲಿ. ಸಾಯುವ ತನಕ ಅಷ್ಟೇ.

ಏನು ಕೇಳಬೇಕೆಂದು ತೀರ್ಮಾನಿಸಿಕೊಂಡೇ ಹೋಗಿದ್ದೆ. ಬುಧವಾರ ಲೀಡ್ಸ್‌ನಲ್ಲಿ ಕೌಂಟಿ ಪಂದ್ಯವಿತ್ತು. ಬರುತ್ತೀರಾ, ಒಟ್ಟಿಗೆ ಕೂತು ನೋಡೋಣ. ಇಷ್ಟೇ. ಬಟ್ಟೆ ಇಸ್ತ್ರಿ ಮಾಡುತ್ತಾ ಗೋಡೆಗೆ ನಾಲ್ಕು ಸಲ ಹೇಳಿದ್ದೆ. ಗೋಡೆಯ ಹತ್ತಿರ ಚೆನ್ನಾಗಿ ಬಂದಿತ್ತು.

ಸ್ಕೋರರ್ ಕೋಣೆಯಲ್ಲಿ ಪ್ಲಗ್ಗು ಇರುವುದು ಮೇಜಿನ ನಡುವೆ. ಹಾಗಾಗಿ ಟ್ಯಾಬ್ಲೆಟ್ಟಿನ ಹುಡುಗಿ ಕೂತದ್ದೂ ನಡುವೆ. ಅವಳು ಬೆತನಿ, ನಮ್ಮ ವಿಕೆಟ್ ಕೀಪರನ ಹೆಂಡತಿ, ಇಪ್ಪತ್ತಾರು ವರ್ಷ. ನಾಲ್ಕು ವರ್ಷ ಚಹಾದ ಹೊತ್ತಿಗೆ ಮೊಟ್ಟೆ ಸ್ಯಾಂಡ್‌ವಿಚ್ ಮಾಡಿ ಮಾಡಿ ಬೇಸತ್ತು, ಈ ಕೆಲಸವನ್ನು ತಾನಾಗಿ ಕೇಳಿ ಪಡೆದಿದ್ದಳು. ಚುರುಕಿನ ಹುಡುಗಿ, ಒಂದು ಚೆಂಡೂ ತಪ್ಪಿಸುತ್ತಿರಲಿಲ್ಲ. ಆದರೆ ಆವತ್ತು ನನಗೆ ಅವಳು ಒಂದು ಗೋಡೆ.

“ಏನ್ ತಾತ, ಇಸ್ತ್ರಿ ಶರ್ಟು! ಯಾರ್ದಾದ್ರೂ ಮದ್ವೆನಾ?” ಎಂದಳು ಬಂದವಳೇ.

“ಶರ್ಟು ಯಾವಾಗ್ಲೂ ಇಸ್ತ್ರಿನೇ. ನೀನು ನೋಡಿರಲಿಲ್ಲ ಅಷ್ಟೇ.”

“ಮೇ ತಿಂಗಳಲ್ಲಿ ಕಾಲರ್ ಮೇಲೆ ಜಾಮ್ ಇತ್ತು,” ಎಂದರು ಏವ್ರಿಲ್, ತಲೆಯೆತ್ತದೆ.

ಮೇ ತಿಂಗಳ ನನ್ನ ಕಾಲರು ಅವರಿಗೆ ನೆನಪಿದೆ ಎಂಬುದನ್ನೇ ಹಿಡಿದುಕೊಂಡು ನಾನು ಇಪ್ಪತ್ತು ಓವರು ಕಳೆದೆ.

ನಮ್ಮವರು ಮೊದಲು ಆಡಿ ಇನ್ನೂರ ಹದಿಮೂರು ಹೊಡೆದರು. ಚಹಾದ ವಿರಾಮದಲ್ಲಿ ಮಾತಾಡೋಣವೆಂದರೆ ಏವ್ರಿಲ್ ಸುತ್ತ ಅವರ ತಂಡದ ನಾಲ್ಕು ಜನ, ಹತ್ತೊಂಬತ್ತು ವರ್ಷದ ಸೇವೆಗೆ ಒಂದು ಹೂಕುಂಡ ಕೊಟ್ಟು ಫೋಟೋ ತೆಗೆಯುತ್ತಿದ್ದರು. ನಾನು ಸ್ಯಾಂಡ್‌ವಿಚ್ ಹಿಡಿದು ಕಂಬದ ಪಕ್ಕ ನಿಂತಿದ್ದೆ. ಆಮೇಲೆ ಕ್ರಾಗ್‌ಟನ್ ಆಡಲು ಇಳಿಯಿತು. ನಲವತ್ತು ಓವರ್ ಆಗುವ ಹೊತ್ತಿಗೆ ಅವರು ಗೆಲ್ಲುವುದಿಲ್ಲವೆಂದು ಎಲ್ಲರಿಗೂ ಗೊತ್ತಾಗಿತ್ತು. ಆಟ ಮುಗಿದ ಕೂಡಲೇ ಅವರ ಕ್ಯಾಪ್ಟನ್ ಕಾರು ಹೊರಡಿಸುತ್ತಾನೆ, ಏವ್ರಿಲ್ ಅದರಲ್ಲೇ ಹೋಗುತ್ತಾರೆ ಎಂಬುದೂ ನನಗೆ ಗೊತ್ತಿತ್ತು.

ನಲವತ್ತನಾಲ್ಕನೇ ಓವರ್ ಮುಗಿಯಿತು.

“ನೂರ ಎಂಬತ್ತೊಂದು,” ಎಂದಳು ಬೆತನಿ.

“ನೂರ ಎಂಬತ್ತೊಂದು,” ಎಂದೆ.

“ನೂರ ಎಂಬತ್ತೊಂದು,” ಎಂದರು ಏವ್ರಿಲ್.

ನಮ್ಮ ಲೀಗಿನದು ನಲವತ್ತೈದು ಓವರಿನ ಆಟ, ಉಳಿದದ್ದು ಒಂದೇ ಓವರ್. ಆಗ ನನಗೆ ಆ ಯೋಚನೆ ಬಂತು. ನನ್ನ ಲೆಕ್ಕ ತಪ್ಪಿದರೆ ಏವ್ರಿಲ್ ಏಳುವಂತಿಲ್ಲ. ಬೆತನಿ ಟ್ಯಾಬ್ಲೆಟ್ ಮಡಚಿ ಗಂಡನ ಹತ್ತಿರ ಓಡುತ್ತಾಳೆ. ನಾವಿಬ್ಬರೇ ತಲೆ ಬಗ್ಗಿಸಿ ಚೆಂಡು ಚೆಂಡಾಗಿ ಹುಡುಕಬೇಕು. ಹತ್ತು ನಿಮಿಷ ಸಿಕ್ಕರೂ ಸಾಕು. ಅದುವರೆಗಿನ ಯಾವ ಓವರಿನಲ್ಲಿ ತಪ್ಪಿಸಿದ್ದರೂ ಓವರ್ ಮುಗಿದಾಗ ತಾಳೆ ನೋಡುವಲ್ಲಿ ಸಿಕ್ಕಿಬೀಳುತ್ತಿದ್ದೆ. ತಪ್ಪಿಸಬೇಕೆಂದರೆ ಈ ಓವರೇ.

ಮೊದಲ ಚೆಂಡಿಗೆ ಒಂದು ರನ್ನು. ಎರಡನೆಯದಕ್ಕೆ ಏನಿಲ್ಲ. ಮೂರನೆಯದು ಬ್ಯಾಟಿಗೆ ತಾಗದೆ ಕಾಲಿಗೆ ತಾಗಿ ಪಕ್ಕಕ್ಕೆ ಹೋಯಿತು, ಒಂದು ಓಡಿದರು. ಅಂಪೈರ್ ಮಂಡಿ ಎತ್ತಿ ಮುಟ್ಟಿ ತೋರಿಸಿದ: ಲೆಗ್ ಬೈ. ನಾನು ಎಡಗೈ ಎತ್ತಿ ‘ಕಂಡೆ’ ಎಂದೆ, ಬಲಗೈಯಲ್ಲಿ ಪುಸ್ತಕಕ್ಕೆ ಬರಿಯ ಚುಕ್ಕೆ ಇಟ್ಟೆ. ಚುಕ್ಕೆ ಅಂದರೆ ರನ್ನಿಲ್ಲ. ಸುಳ್ಳು ಬರೆದದ್ದು ಜೀವನದಲ್ಲಿ ಅದೇ ಮೊದಲು. ಗಿರಾಕಿಯ ಟೀವಿಯಲ್ಲಿ ಬರೀ ಫ್ಯೂಸು ಹೋಗಿದ್ದರೆ ಫ್ಯೂಸು ಎಂದೇ ಹೇಳಿ ಕಳಿಸಿದವನು ನಾನು. ಎದೆ ಡವಡವ ಹೊಡೆದುಕೊಂಡಿತು. ಕೈಗಡಿಯಾರ ಗುರ್ರ್ ಎಂದಿತು. ನೋಡಿದರೆ, ‘ನೀವು ವ್ಯಾಯಾಮ ಮಾಡುತ್ತಿರುವಂತಿದೆ, ದಾಖಲಿಸಬೇಕೆ?’ ಎಂದು ಕೇಳುತ್ತಿತ್ತು.

ನಾಲ್ಕನೆಯದಕ್ಕೆ ಎರಡು. ಐದನೆಯದು ಬ್ಯಾಟಿಗೂ ಕಾಲಿಗೂ ತಾಗದೆ ಕೀಪರನ ಕೈಯಿಂದ ಜಾರಿತು, ಬೈ ಎಂದು ಒಂದು ರನ್ನು. ಬೆತನಿ ಗಂಡನಿಗೆ ಕೇಳದಿದ್ದರೂ ಬೈದಳು. ಆರನೆಯದಕ್ಕೆ ಒಂದು. ಆಟ ಮುಗಿಯಿತು, ಚಪ್ಪಾಳೆ ಕೇಳಿತು. ಬೆತನಿ ಎದ್ದಳು. ನಾನು ಮೊದಲ ಮಾತು ಜೋಡಿಸುತ್ತಿದ್ದಂತೆ ಮೆಟ್ಟಿಲ ಮೇಲೆ ಬೂಟಿನ ಸದ್ದಾಯಿತು. ಕೊನೆಯ ತಾಳೆಯನ್ನು ಕಣ್ಣಾರೆ ನೋಡಲು ಆಗ್ಡನ್ ಸಾಹೇಬರು ಖುದ್ದಾಗಿ ಬಂದಿದ್ದರು. ಬೆನ್ನ ಹಿಂದೆ ನಮ್ಮ ಕ್ಲಬ್ಬಿನ ಇಬ್ಬರು ಹಳಬರು, ಕೈಯಲ್ಲಿ ಬಿಯರು.

“ಹೂಂ, ಹೇಳಿ ಹೇಳಿ. ಐತಿಹಾಸಿಕ ಕ್ಷಣ ಇದು,” ಎಂದರು ಆಗ್ಡನ್.

ಏವ್ರಿಲ್ ಕನ್ನಡಕ ಸರಿಮಾಡಿಕೊಂಡರು. “ನೂರ ಎಂಬತ್ತಾರು.”

ನನ್ನ ಪುಸ್ತಕದಲ್ಲಿ ಇದ್ದದ್ದೂ ನೂರ ಎಂಬತ್ತಾರೇ. ಆದರೆ ಅದು ಸುಳ್ಳು ಎಂದು ನನಗೆ ಗೊತ್ತು. ನಿಜವಾದದ್ದು ನೂರ ಎಂಬತ್ತೇಳು. ನಾನು ಬೇಕೆಂದೇ ಒಂದು ಬಿಟ್ಟಿದ್ದೆ. ಇವರದು ಹೇಗೆ ಕಡಿಮೆಯಾಯಿತು? ಪಾಪ, ವಯಸ್ಸಾಯಿತೇ ಎಂದುಕೊಂಡೆ. ಹಾಗೆಂದುಕೊಂಡದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು.

“ನೆವಿಲ್?” ಎಂದು ಆಗ್ಡನ್ ನನ್ನತ್ತ ತಿರುಗಿದರು.

“ನೂರ ಎಂಬತ್ತಾರು,” ಎಂದೆ. ಬೇರೇನು ಹೇಳಲಿ?

ಏವ್ರಿಲ್ ತಟ್ಟನೆ ನನ್ನ ಕಡೆ ತಿರುಗಿದರು. ಆಮೇಲೆ ಪುಸ್ತಕದ ಮೇಲಿಲ್ಲದ ಧೂಳನ್ನು ಕೊಡವಿದರು.

“ಇಲ್ಲಿ ನೂರ ಎಂಬತ್ತೇಳು ಇದೆ,” ಎಂದಳು ಬೆತನಿ.

ಹಳಬರಲ್ಲಿ ಒಬ್ಬನಾದ ಸ್ಟ್ಯಾನ್ಲಿ ಮೆಟ್ಟಿಲಿಂದಲೇ ಕೇಕೆ ಹಾಕಿದ. “ಕೇಳಿದ್ರಾ! ಎರಡು ಪುಸ್ತಕ ಒಂದು ಹೇಳುತ್ತೆ, ಆ ಕನ್ನಡಿ ಇನ್ನೊಂದು ಹೇಳುತ್ತೆ. ನಾನ್ ಬಡ್ಕೊಂಡೆ ಆವತ್ತೇ! ನೆವಿಲ್ಲೂ ಏವ್ರಿಲ್ಲೂ ಒಟ್ಟಿಗೆ ತಪ್ಪೋದಾ? ಸೂರ್ಯ ಮುಳುಗೋದು ತಪ್ಪಿದ್ರೂ ಇವರು ತಪ್ಪಲ್ಲ!”

ಆಗ್ಡನ್ ಮುಖ ಸಣ್ಣಗಾಯಿತು. ಆದರೆ ಯಂತ್ರವನ್ನು ತಂದವರು ಅವರು, ಬಿಟ್ಟುಕೊಡುವವರಲ್ಲ. “ಯಂತ್ರ ತಪ್ಪಲ್ಲ ಸ್ಟ್ಯಾನ್ಲಿ. ಬೆರಳು ತಪ್ಪುತ್ತೆ. ನೋಡಮ್ಮ, ಎಲ್ಲೋ ಎರಡು ಸಲ ಒತ್ತಿದೀಯ. ಗಂಡನ್ನ ನೋಡ್ಕೊಂಡು ಕೂತ್ರೆ ಹಿಂಗೇ ಆಗೋದು.”

“ನಾನು ಸರಿಯಾಗೇ ಒತ್ತಿದೀನಿ.”

“ಎರಡು ಪುಸ್ತಕ ಸುಳ್ಳು ಹೇಳುತ್ತಾ?”

“ಸರಿಯಾಗೇ ಒತ್ತಿದೀನಿ ಅಂದ್ನಲ್ಲ!” ಬೆತನಿಯ ಕಣ್ಣು ತುಂಬಿತು. ಅವಳು ಸ್ಕ್ರೀನನ್ನು ಹಿಂದಕ್ಕೆ ಮುಂದಕ್ಕೆ ತಳ್ಳುತ್ತಾ ತನ್ನ ತಪ್ಪು ಹುಡುಕತೊಡಗಿದಳು. ಇಲ್ಲದ ತಪ್ಪು ಎಲ್ಲಿಂದ ಸಿಗಬೇಕು?

“ಮುಂದಿನ ವರ್ಷವೂ ಪುಸ್ತಕ ಇರಲಿ ಬಿಡಿ,” ಎಂದ ಸ್ಟ್ಯಾನ್ಲಿ. “ಎರಡೂ ಕಡೆ ಸ್ಕೋರರ್ ಬರಲಿ. ಈ ಹುಡುಗಿ ಸ್ಯಾಂಡ್‌ವಿಚ್ ಮಾಡ್ಲಿ, ಅದು ಚೆನ್ನಾಗಿ ಬರುತ್ತೆ ಅವಳಿಗೆ.”

ಆಗ್ಡನ್ ಗದ್ದ ಕೆರೆದುಕೊಂಡರು. “ಇನ್ನೊಂದು ವರ್ಷ ಮುಂದೂಡೋದೇ ವಾಸಿ ಅನ್ಸುತ್ತೆ.”

ನನಗೆ ಬೇಕಾದದ್ದು ಅನಾಯಾಸವಾಗಿ ಕೈಗೆ ಬಂದು ಬಿದ್ದಿತ್ತು. ಸುಮ್ಮನಿದ್ದರೆ ಮೇ ತಿಂಗಳ ಶನಿವಾರವೂ ಉಳಿಯುತ್ತಿತ್ತು, ಮುಂದಿನ ಸೆಪ್ಟೆಂಬರೂ ಉಳಿಯುತ್ತಿತ್ತು. ಸುಮ್ಮನಿರುವುದು ನನಗೆ ಕಷ್ಟವೂ ಅಲ್ಲ, ಮೂರು ವರ್ಷದ ಅಭ್ಯಾಸ. ಆದರೆ ಏನೂ ಕೆಡದ ಸಾಮಾನನ್ನು ಕೆಟ್ಟಿದೆ ಎಂದು ಹೇಳಿ ನನಗೆ ಗೊತ್ತಿಲ್ಲ. ಅದಕ್ಕಿಂತ ಹೆಚ್ಚಾಗಿ, ಆ ಹುಡುಗಿ ಮೂಗು ಒರೆಸಿಕೊಳ್ಳುತ್ತಾ ಮೂರನೇ ಸಲ ಲೆಕ್ಕ ಹಾಕುತ್ತಿದ್ದಳು.

“ಟ್ಯಾಬ್ಲೆಟ್ ಸರಿ ಇದೆ,” ಎಂದೆ. “ಮೂರನೇ ಚೆಂಡು ಲೆಗ್ ಬೈ. ನಾನು ಬರೀಲಿಲ್ಲ. ನಂದೂ ನೂರ ಎಂಬತ್ತೇಳೇ ಆಗ್ಬೇಕಿತ್ತು.”

ಸ್ಟ್ಯಾನ್ಲಿಯ ಬಿಯರು ಗಾಳಿಯಲ್ಲೇ ನಿಂತಿತು. “ನೀನು? ಬರೀಲಿಲ್ವಾ?”

“ಬರೀಲಿಲ್ಲ.”

ಆಗ್ಡನ್ ನನ್ನ ಹೆಗಲ ಮೇಲೆ ಕೈಯಿಟ್ಟರು. ಅವರ ಮುಖದಲ್ಲಿ ಮತ್ತೆ ರಕ್ತ ಓಡಾಡಿತು. “ವಯಸ್ಸು, ನೆವಿಲ್. ಬೇಜಾರ್ ಮಾಡ್ಕೋಬೇಡಿ. ನಮ್ಮಪ್ಪಂಗೂ ಹೀಗೇ ಶುರು ಆಗಿದ್ದು.” ಹತ್ತೊಂಬತ್ತು ವರ್ಷದ ನನ್ನ ಹೆಸರು ಹತ್ತು ಸೆಕೆಂಡಿನಲ್ಲಿ ಮಣ್ಣು ಮುಕ್ಕಿತು. ಆಗ್ಡನ್ ಅಷ್ಟಕ್ಕೇ ಬಿಡಲಿಲ್ಲ. “ಅಲ್ಲಾ, ಹಾಗಾದ್ರೆ ಏವ್ರಿಲ್ ಅವರದು ಯಾಕೆ ನೂರ ಎಂಬತ್ತಾರು?”

ಎಲ್ಲರೂ ಆ ಕಡೆ ನೋಡಿದರು. ಏವ್ರಿಲ್ ರಬ್ಬರು ಕೈಗೆತ್ತಿಕೊಂಡು ಒಂದು ಚುಕ್ಕೆಯನ್ನು ನಿಧಾನವಾಗಿ ಅಳಿಸಿದರು. ನನ್ನ ಜಾಗದಿಂದ ಕಾಣುತ್ತಿತ್ತು. ಅದು ಮೂರನೆಯ ಚೆಂಡಲ್ಲ.

“ಐದನೇ ಚೆಂಡು, ಬೈ,” ಎಂದರು. “ನಾನೂ ಬರೀಲಿಲ್ಲ.”

“ನೀವೂ ಮರೆತ್ರಾ?”

“ಮರೆತೆ ಅಂತ ಬರ್ಕೊಳ್ಳಿ.”

ಆಗ್ಡನ್‌ಗೆ ಅದಕ್ಕಿಂತ ಹೆಚ್ಚು ಬೇಕಿರಲಿಲ್ಲ. ಲೀಗಿನ ಇಬ್ಬರು ಅತಿ ನಂಬಿಗಸ್ತ ಸ್ಕೋರರುಗಳು ಒಂದೇ ಓವರಿನಲ್ಲಿ ಒಂದೊಂದು ರನ್ನು ನುಂಗಿದ್ದರು. ಟ್ಯಾಬ್ಲೆಟ್ಟಿಗೆ ಇದಕ್ಕಿಂತ ಒಳ್ಳೆಯ ಜಾಹೀರಾತು ಎಲ್ಲಿದೆ? ಮುಂದಿನ ವರ್ಷದಿಂದ ಪುಸ್ತಕ ಬಂದ್ ಎಂದು ಅಲ್ಲೇ ಹೇಳಿ, ಬೆತನಿಯ ಬೆನ್ನು ತಟ್ಟಿ ಇಳಿದರು. ಸ್ಟ್ಯಾನ್ಲಿ ಅತ್ತಿತ್ತ ತಲೆಯಾಡಿಸುತ್ತಾ, ಸಾವಿನ ಮನೆಯಿಂದ ಹೊರಟವನ ಹಾಗೆ ಹೋದ.

ಬೆತನಿ ಮಾತ್ರ ನಿಂತಿದ್ದಳು. ನನ್ನ ಮುಖ ನೋಡಿದಳು. ಏವ್ರಿಲ್ ಮುಖ ನೋಡಿದಳು. ಆಮೇಲೆ ನನ್ನ ಶರ್ಟು ನೋಡಿದಳು.

“ಅಯ್ಯೋ ದೇವ್ರೇ,” ಎಂದಳು. “ನಾನ್ ಹೋಗ್ತೀನಿ. ನಾಯಿಗೆ ನೀರು ಇಡ್ಬೇಕು.”

“ನಿಮ್ಮನೇಲಿ ನಾಯಿ ಎಲ್ಲಿದೆ?” ಎಂದೆ.

“ಇವತ್ತು ಇದೆ ತಾತ!” ಎಂದು ಮೆಟ್ಟಿಲು ಇಳಿದು ಓಡಿದಳು.

ಕೋಣೆಯಲ್ಲಿ ನಾವಿಬ್ಬರೇ ಉಳಿದೆವು, ನಡುವೆ ಖಾಲಿ ಕುರ್ಚಿ. ಕೆಳಗೆ ಕ್ರಾಗ್‌ಟನ್ ಕ್ಯಾಪ್ಟನ್ ಹಾರ್ನ್ ಹೊಡೆದ.

“ನಿಜವಾಗ್ಲೂ ಮರೆತ್ರಾ?” ಎಂದು ಏವ್ರಿಲ್ ಕೇಳಿದರು.

“ಇಲ್ಲ.”

“ನಾನೂ ಇಲ್ಲ.” ಅವರ ಕುತ್ತಿಗೆ ಕೆಂಪಾಗಿತ್ತು. “ಲೆಕ್ಕ ತಪ್ಪಿದ್ರೆ ಸ್ವಲ್ಪ ಹೊತ್ತು ಕೂರಬಹುದು, ಆಗಲಾದ್ರೂ ಈ ಮನುಷ್ಯ ಬಾಯಿ ಬಿಡ್ತಾನೇನೋ ಅಂತ. ಮೂರು ವರ್ಷದಿಂದ ಕಾಯ್ತಿದೀನಿ ನೆವಿಲ್. ಏನೋ ಹೇಳೋಕೆ ಹೊರಡ್ತೀರ, ಆಮೇಲೆ ಮಳೆ ಬರುತ್ತಾ ಅಂತ ಕೇಳ್ತೀರ.”

ಗೋಡೆಗೆ ಹೇಳಿದ್ದ ಮಾತು ಒಂದೂ ನೆನಪಿಗೆ ಬರಲಿಲ್ಲ. “ಬುಧವಾರ,” ಎಂದೆ. “ಲೀಡ್ಸು. ಕೌಂಟಿ ಪಂದ್ಯ.” ಯಾರಿಗೋ ವಿಳಾಸ ಹೇಳುತ್ತಿದ್ದ ಹಾಗಿತ್ತು.

“ಇದು ಕೇಳೋದಾ, ಸುದ್ದಿ ಹೇಳೋದಾ?”

“ಕೇಳೋದು. ಬರ್ತೀರಾ?”

ಹಾರ್ನು ಮತ್ತೆ ಎರಡು ಸಲ ಕೂಗಿತು. ಏವ್ರಿಲ್ ಕಿಟಕಿಯಿಂದ ತಲೆ ಹೊರಗೆ ಹಾಕಿದರು. ನಲವತ್ತು ಜನ ಕೂತಿದ್ದ ಕಡೆಗೆ, ಎರಡೂರಿಗೂ ಕೇಳುವ ಹಾಗೆ ಕೂಗಿದರು: “ನೀನು ಹೋಗಪ್ಪಾ! ನನ್ನನ್ನ ನೆವಿಲ್ ಬಿಟ್ಟು ಬರ್ತಾರೆ!”

ಕೆಳಗಿನಿಂದ ಯಾರೋ ಸಿಳ್ಳೆ ಹೊಡೆದರು. ರಾತ್ರಿಯೊಳಗೆ ಮ್ಯಾಂಚೆಸ್ಟರಿಗೂ ಮುಟ್ಟುತ್ತದೆ ಎಂದುಕೊಂಡೆ. ಮುಟ್ಟಲಿ. ನನಗೆ ಈಗ ಅರವತ್ತೊಂಬತ್ತು. ಜೀವನದಲ್ಲಿ ಇಷ್ಟು ಸಂತೋಷ ಎಂದೂ ಆಗಿರಲಿಲ್ಲ ಎಂದರೆ ಡೋರೀನಳಿಗೆ ಅನ್ಯಾಯ ಮಾಡಿದಂತೆ. ಎರಡನೆಯ ಸಲ ಆಯಿತು ಎನ್ನುತ್ತೇನೆ.